ಬೀಗಿತ್ತಿ ಕೊಟ್ಟ ತಂಬಿಗೆ

ಬಸ್ಸು ಹತ್ತುವ ಹೆಂಗಸು ನೀರು ಕುಡಿಯಬಾರದೆಂದು ಹೊನ್ನವ್ವನಿಗೆ ಯಾರೂ ಕಲಿಸಿರಲಿಲ್ಲ. ಯಂಕಂಚಿಯಲ್ಲಿ ಹುಟ್ಟಿದ ಹೆಣ್ಣಿಗೆ ಅದು ತಾನಾಗಿಯೇ ಬರುತ್ತದೆ. ದಾರಿಯಲ್ಲಿ ಮರೆಗೆ ಹೋಗಲು ಜಾಗವಾದರೂ ಎಲ್ಲಿದೆ, ಹೇಳಿ! ಅಂಥದ್ದರಲ್ಲಿ ಈಗ ಅವಳಿಗೊಂದು ಗುಳಿಗೆ ಗಂಟುಬಿದ್ದಿತ್ತು. ಅಪ್ಪನನ್ನು ಬಲಿ ತೆಗೆದುಕೊಂಡ ಕಿಡ್ನಿ ಗುಳ್ಳೆಯ ರೋಗವೇ ಮಗಳಿಗೂ ಬಂದಿತ್ತು. ಗುಳ್ಳೆ ಬೆಳೆಯುವುದು ನಿಧಾನವಾಗಲೆಂದು ವಿಜಯಪುರದ ಡಾಕ್ಟರು ಟಾಲ್ವಾಪ್ಟಾನ್ ಎಂಬ ಆ ಗುಳಿಗೆ ಬರೆದುಕೊಟ್ಟಿದ್ದರು. ನುಂಗಿದರೆ ಸಾಕು, ಗಂಟಲು ಒಣಗಿ ತಂಬಿಗೆಗಟ್ಟಲೆ ನೀರು ಬೇಕು, ಗಳಿಗೆಗೊಮ್ಮೆ ಬಚ್ಚಲಿಗೆ ಓಡಬೇಕು. ಗುಳಿಗೆ ತಪ್ಪಿಸಬೇಡ, ನೀರಂತೂ ಬಿಡಲೇಬೇಡ ಎಂದು ಅವರು ಒತ್ತಿ ಹೇಳಿದ್ದರು.

ಅಂದು ಬಸವನ ಬಾಗೇವಾಡಿಗೆ, ಮಗಳು ಕೋಮಲಳಿಗೆ ಗೊತ್ತುಮಾಡಿದ ಗಂಡು ಸಂಗಮೇಶನ ಮನೆ ನೋಡಲು ಹೋಗುವುದಿತ್ತು. ರೋಗದ ಮಾತು ಅಲ್ಲಿ ಬಾಯಿಬಿಡಕೂಡದೆಂದು ಗಂಡ ಖಂಡೆಪ್ಪನಿಗೆ ಹೊನ್ನವ್ವ ತಾಕೀತು ಮಾಡಿದ್ದಳು. ರಕ್ತದಲ್ಲೇ ಹರಿದುಬರುವ ರೋಗವೆಂದು ತಿಳಿದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ಹೋದಲ್ಲಿ ಮತ್ತೆ ಮತ್ತೆ ಎದ್ದು ಓಡಿದರೆ ಗುಟ್ಟು ರಟ್ಟಾಗುವುದಿಲ್ಲವೇ? ಬೆಳಿಗ್ಗೆ ಗುಳಿಗೆಯನ್ನು ಒಂದೇ ಗುಟುಕಿನಲ್ಲಿ ನುಂಗಿ, ತಂಬಿಗೆ ಬೋರಲು ಹಾಕಿ ಹೊರಟಳು. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸುವಾಗಲೇ ನಾಲಿಗೆ ಅಂಗುಳಿಗೆ ಅಂಟಿತ್ತು. ನೀರಿನ ಬಾಟ್ಲಿ ತಂದ ಪಾಪಕ್ಕೆ ಖಂಡೆಪ್ಪ ಬೈಸಿಕೊಂಡ.

ಗಂಡಿನ ತಾಯಿ ರೇವವ್ವ ಬಾಗಿಲಲ್ಲೇ ತಂಬಿಗೆ ಕೊಟ್ಟಳು. ಹೊನ್ನವ್ವ ತುಟಿಗೆ ಮುಟ್ಟಿಸಿ ಇಟ್ಟಳು. ಆಕೆ ಮತ್ತೆ ನೀರು ತಂದಳು, ಮಜ್ಜಿಗೆ ತಂದಳು, ಬಚ್ಚಲು ಎಲ್ಲಿದೆಯೆಂದು ಕೇಳುವ ಮೊದಲೇ ತೋರಿಸಿದಳು. ಇವಳು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಂದು ಹೊನ್ನವ್ವನಿಗೆ ಮೈಯೆಲ್ಲ ಉರಿಯಿತು.

"ನೀರಡಿಕಿ ಇಲ್ರಿ," ಎಂದಳು. ಹಸಿ ಸುಳ್ಳು! ಊಟಕ್ಕೆ ಕೂತಾಗ ಒಂದು ಹೋಳಿಗೆ ಎರಡಾಗಿ ಕಂಡಿತು. ಪಕ್ಕದ ಖಂಡೆಪ್ಪನನ್ನೇ ನೀವ್ಯಾರೆಂದು ಕೇಳಿ ತಾಟಿನ ಮೇಲೆ ಕುಸಿದಳು.

ಅವಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೈಗೆ ಸಲಾಯಿನ್ ಹಚ್ಚಿದ್ದರು. ರಕ್ತದಲ್ಲಿ ಉಪ್ಪು ಇಳಿದವರಿಗೆ ಅದನ್ನು ಏರಿಸಲು ಕೊಡುವುದೂ ಇದೇ ಗುಳಿಗೆ, ನೀರು ಬಿಟ್ಟು ನುಂಗಿದರೆ ಉಪ್ಪು ಮಿತಿಮೀರಿ ಜೀವಕ್ಕೇ ಕುತ್ತು ಎಂದು ಅಲ್ಲಿನ ಡಾಕ್ಟರು ಗದರಿದರು. ಮಂಚದ ಪಕ್ಕದಲ್ಲೇ ರೇವವ್ವ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಗಿಯಿತು, ಸಂಬಂಧ ಕೈತಪ್ಪಿತು ಎಂದು ಹೊನ್ನವ್ವನ ಜೀವ ಹಿಂಡಿತು.

ಮುದ್ದೇಬಿಹಾಳದಲ್ಲಿ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಕೋಮಲ ಸುದ್ದಿ ಕೇಳಿ ಓಡಿಬಂದಳು. ನಿನ್ನ ಬಾಳು ಹಾಳುಮಾಡಿದೆನೆಂದು ತಾಯಿ ಅವಳ ಕೈ ಹಿಡಿದು ಅತ್ತಳು.

"ಇವರಿಗೆ ಮೊದಲಽ ಗೊತ್ತೈತಿ, ಅವ್ವಾ," ಎಂದಳು ಕೋಮಲ. "ಸಂಗಮೇಶಗ ನಾನಽ ಹೇಳೇನಿ."

ಹೊನ್ನವ್ವ ಕಕ್ಕಾಬಿಕ್ಕಿಯಾದಳು. ಹಾಗಾದರೆ ಆ ತಂಬಿಗೆ, ಆ ಮಜ್ಜಿಗೆ, ಬಚ್ಚಲು ತೋರಿಸಿದ್ದು? ತಾನು ಒಣಗಿ ಸಾಯಹೊರಟದ್ದು ಯಾವ ಪುರುಷಾರ್ಥಕ್ಕೆ? ಸಿಟ್ಟು ನೆತ್ತಿಗೇರಿತು.

"ನನ್ನ ಬ್ಯಾನಿ ಅವರಿಗ್ಯಾಕ ಹೇಳಿದಿ?"

ಕೋಮಲ ತಲೆ ತಗ್ಗಿಸಿದಳು.

"ನಿಂದಲ್ಲವ್ವಾ, ನಂದು ಹೇಳೇನಿ. ಸ್ಕ್ಯಾನ್ ಮಾಡಿಸಿದ್ದೆ. ನನಗೂ ಐತಿ."

ರೇವವ್ವ ಮನೆಯಿಂದ ತಂದಿದ್ದ ತಂಬಿಗೆಯನ್ನು ಮತ್ತೆ ಮುಂದೆ ಹಿಡಿದಳು. ಈ ಸಲ ಹೊನ್ನವ್ವ ಬೇಡವೆನ್ನದೆ ಎರಡೂ ಕೈಯಲ್ಲಿ ಇಸಿದುಕೊಂಡು ಮಗಳ ತುಟಿಗೆ ಹಿಡಿದಳು.

"ಮೊದಲ ನೀ ಕುಡಿ," ಎಂದಳು.