ವಿರಾಜಪೇಟೆಯ ಆ ಇನ್ನೊಬ್ಬ ಗಿರಾಕಿ

ಮೂರ್ನಾಡಿನಲ್ಲಿ ಯಾರೇ ಹೊಸ ಗಾಡಿ ಕೊಂಡರೂ ಊರಿಗೆ ಸುದ್ದಿ ತಿಳಿಯುವುದು ಅದರ ಚಕ್ರದಡಿ ನಿಂಬೆಹಣ್ಣು ಒಡೆದ ಮೇಲೆಯೇ. ಅದಕ್ಕೆ ಮುಂಚೆ ಬಾಯಿ ಬಿಟ್ಟರೆ ಕಣ್ಣು ಬೀಳುತ್ತದೆ ಎಂಬುದು ಮನೆಮನೆಯ ನಂಬಿಕೆ. ಟೈರು ಅಂಗಡಿಯ ಉದಯನೂ ಆ ಮಳೆಗಾಲ ಬಾಯಿಗೆ ಬೀಗ ಹಾಕಿಕೊಂಡಿದ್ದ. ಆ ಬೀಗದ ಕೀಲಿಕೈ ಮೈಸೂರಿನ ಮಾರಾಟಗಾರನೊಬ್ಬನ ಜೇಬಿನಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಆಗಷ್ಟೇ ಬಿಡುಗಡೆಯಾಗಿದ್ದ ‘ಟೆರಿನ್ ಜಿಟಿ’ ಎಂಬ ಟರ್ಬೊ ಕಾರಿನ ಮೇಲೆ ಅವನ ಮನಸ್ಸು ಕೂತಿತ್ತು. ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್ ಕಾರು ಓಟಕ್ಕೆ ಹೇಳಿ ಮಾಡಿಸಿದಂಥ ಗಾಡಿ. ಹೆಂಡತಿ ರಂಜಿತಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಕಾರಿನೊಳಗೆ ಉಕ್ಕಿನ ಪಂಜರ, ಅಂದರೆ ರೋಲ್ ಕೇಜ್, ಕೂರಿಸಿದ ಮೇಲೆಯೇ ಗದ್ದೆಗಿಳಿಯಬೇಕು. ಹಿಂದಿನ ವರ್ಷ ಪಲ್ಟಿಯಾದ ಕಾರೊಂದರಿಂದ ಓಟಗಾರನನ್ನು ಹೊರಗೆಳೆದದ್ದನ್ನು ಅವಳು ಹತ್ತಡಿ ದೂರದಿಂದ ನೋಡಿದ್ದಳು. ಪಂಜರಕ್ಕೆ, ಓಟದ ಬೆಲ್ಟಿಗೆ, ಹೆಲ್ಮೆಟ್ಟಿಗೆ ಎಂದು ಎರಡು ಲಕ್ಷ ರೂಪಾಯಿ ಬೇರೆಯೇ ತೆಗೆದಿರಿಸಿದ್ದರು.

ಸೋಮವಾರ ಬೆಳಿಗ್ಗೆ ಮೈಸೂರಿನ ಷೋರೂಮಿನ ಮಾರಾಟಗಾರ ಕಿರಣ್‌ಕುಮಾರ್ ಫೋನು ಮಾಡಿದ. ಈ ಸಲ ಇಡೀ ಕೊಡಗಿಗೆ ಬರುತ್ತಿರುವುದು ಒಂದೇ ಕಾರು, ವಿರಾಜಪೇಟೆಯ ಗಿರಾಕಿಯೊಬ್ಬರು ಕಂಪನಿಯ ಬೆಲೆಯ ಮೇಲೆ ಎರಡು ಲಕ್ಷ ಹೆಚ್ಚು ಕೊಡಲು ಸಿದ್ಧರಿದ್ದಾರೆ, ಶನಿವಾರ ಮಧ್ಯಾಹ್ನ ಒಂದರೊಳಗೆ ಅಷ್ಟೇ ನಗದು ತಂದರೆ ಗಾಡಿ ನಿಮಗೇ ಎಂದ. ಆ ಎರಡು ಲಕ್ಷಕ್ಕೆ ರಸೀದಿ ಇರುವುದಿಲ್ಲವೆಂದೂ ಮೆಲ್ಲಗೆ ಸೇರಿಸಿದ.

“ಯಾರಿಗೂ ಹೇಳ್ಬೇಡಿ ಸರ್,” ಎಂದ ಕೊನೆಗೆ. “ಹೇಳಿದ್ರೆ ಇನ್ನೂ ನಾಲ್ಕು ಜನ ಅಡ್ಡ ಬರ್ತಾರೆ.”

ವಿರಾಜಪೇಟೆಯ ಗಿರಾಕಿ. ಆ ಎರಡು ಪದ ಉದಯನ ತಲೆಯಲ್ಲಿ ಮುಳ್ಳಿನಂತೆ ಕೂತವು. ವಿರಾಜಪೇಟೆಯಲ್ಲಿ ಇಂಥ ಕಾರಿಗೆ ಬಾಯಿ ಬಿಡುವವನು ಬೋಜಪ್ಪನಲ್ಲದೆ ಇನ್ನಾರು? ಕರಿಮೆಣಸಿನ ವ್ಯಾಪಾರದ ಬೋಜಪ್ಪ, ಆರು ವರ್ಷ ಒಂದೇ ಹಳೆಯ ಕಾರನ್ನು ಅವನೊಂದಿಗೆ ಸರದಿಯಲ್ಲಿ ಓಡಿಸಿದ ಗೆಳೆಯ. ಎರಡು ವಾರದಿಂದ ಅವನು ಫೋನು ಎತ್ತುತ್ತಿರಲಿಲ್ಲ. ಬುಧವಾರ ಮೂರ್ನಾಡಿನ ಬ್ಯಾಂಕಿನೆದುರು ಅವನ ಜೀಪು ನಿಂತಿದ್ದದ್ದು ಕಾಣಿಸಿತು. ಉದಯ ಕೈಯೆತ್ತುವಷ್ಟರಲ್ಲಿ ಬೋಜಪ್ಪ ಒಂದು ಫೈಲನ್ನು ಸೀಟಿನಡಿ ತುರುಕಿ, ಮುಖ ತಿರುಗಿಸಿ, ಜೀಪು ಓಡಿಸಿಯೇಬಿಟ್ಟ.

ಅನುಮಾನಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು? ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಉದಯ ತನ್ನ ತೀರ್ಮಾನ ಹೇಳಿದ. ಪಂಜರ ಮುಂದಿನ ವರ್ಷ ನೋಡೋಣ, ಈಗ ಆ ದುಡ್ಡು ಕಾರಿಗೆ ಹೋಗಲಿ.

ರಂಜಿತಾ ಸಾರಿನ ಸೌಟನ್ನು ಕೆಳಗಿಟ್ಟಳು.

“ಹೋದ ಮಳೆಗಾಲ ಎಸ್ಟೇಟಿನ ಲೆಕ್ಕ ಬರೆಯೋ ರೈಟರಿಗೆ ಜೀಪಿನ ಟೈರು ಮಾರಿದ್ರಲ್ಲ, ನೆನಪುಂಟಾ? ಇದೇ ಕೊನೇ ಸೆಟ್, ಇನ್ನೊಬ್ರು ಕೇಳ್ತಿದ್ದಾರೆ ಅಂದ್ರಿ. ಆ ಇನ್ನೊಬ್ರು ಯಾರು?”

ಉದಯ ಅನ್ನ ಕಲಸುತ್ತಲೇ ಉಳಿದ. ಆ ಇನ್ನೊಬ್ಬರು ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಇನ್ನೂ ಮೂರು ಸೆಟ್ ಟೈರು ಇದ್ದವು.

“ಅದು ವ್ಯಾಪಾರ,” ಎಂದ.

“ಇದೆಂತ ಮತ್ತೆ, ಪೂಜೆಯಾ?”

ಶುಕ್ರವಾರ ಅವಳೇ ಗಂಡನನ್ನು ಬ್ಯಾಂಕಿಗೆ ಕರೆದೊಯ್ದಳು. ವಾಹನ ಸಾಲದ ಕಾಗದಪತ್ರ ನೋಡುವ ಶೋಭಿತಾ ಅವಳ ಶಾಲೆಯ ಗೆಳತಿ. ಉದಯನಿಗೆ ಅವಳ ಮೇಲೂ ನಂಬಿಕೆ ಬರಲಿಲ್ಲ. ಮೇಜಿನ ಹಿಂದೆ ಕೂತವರಿಗೆ ಬಿಸಿಬಿಸಿ ಮಾರಾಟವಾಗುವ ಗಾಡಿಯ ವಹಿವಾಟು ಏನು ಗೊತ್ತು ಎಂದುಕೊಂಡ. ಶೋಭಿತಾ ವಿಷಯವೆಲ್ಲ ಕೇಳಿಕೊಂಡು ಷೋರೂಮಿನ ದರಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಕಾರಿನ ಬೆಲೆ, ವಿಮೆ, ರಸ್ತೆ ತೆರಿಗೆ, ನೋಂದಣಿ ಎಲ್ಲವೂ ಇದ್ದವು.

“ಅಣ್ಣಾ, ಆ ಎರಡು ಲಕ್ಷ ಇದರಲ್ಲಿ ಎಲ್ಲುಂಟು?”

“ಅದು ಬಾಯಿಮಾತು.”

“ಬರೆದುಕೊಡಿ ಅಂತ ಕೇಳಿ. ಬರೆಯೋದಿಲ್ಲ ಅಂದ್ರೆ, ಅದು ಕಾರಿನ ಬೆಲೆ ಅಲ್ಲ. ನಾಳೆ ಗಾಡಿ ಬರದೇ ಹೋದ್ರೆ ವಾಪಸ್ ಕೇಳೋದು ಯಾವ ಕಾಗದ ಹಿಡ್ಕೊಂಡು?”

ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ, ಬೇಡದ ಸೀಟ್ ಕವರು, ಮ್ಯಾಟುಗಳನ್ನು ಬೇಡ ಎನ್ನುವ ಹಕ್ಕು ಗಿರಾಕಿಗಿದೆ ಎಂದೂ ಅವಳು ತಿಳಿಸಿದಳು. ಉದಯ ತಟ್ಟನೆ ಕೇಳಿದ, ಬೋಜಪ್ಪ ಇಲ್ಲಿಗೆ ಬಂದದ್ದು ಇದೇ ಕಾರಿಗೆ ಅಲ್ಲವೇ?

ಶೋಭಿತಾ ಫೈಲು ಮುಚ್ಚಿದಳು. “ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ. ಒಂದು ಮಾತು ಹೇಳ್ತೇನೆ. ನೀವು ಯಾರಿಂದ ಮುಚ್ಚಿಡ್ತಿದ್ದೀರೋ, ಅವರನ್ನೇ ಹೋಗಿ ಕೇಳಿ.”

ಶನಿವಾರ ಒಂಬತ್ತಕ್ಕೆ ಉದಯ ನಗದಿನ ಚೀಲ ಹಿಡಿದು ಹೊರಟ. ಮೈಸೂರಿನ ದಾರಿ ಒಂದು ಕಡೆ, ವಿರಾಜಪೇಟೆಯ ದಾರಿ ಇನ್ನೊಂದು ಕಡೆ. ಪಕ್ಕದ ಸೀಟಿನಲ್ಲಿ ರಂಜಿತಾ ಕೂತಿದ್ದಳು. ಉದಯ ಒಂದು ಕ್ಷಣ ಗಾಡಿ ನಿಲ್ಲಿಸಿ, ಆಮೇಲೆ ವಿರಾಜಪೇಟೆಯ ಕಡೆಗೆ ತಿರುಗಿಸಿದ.

ಬೋಜಪ್ಪ ಅಂಗಡಿಯಲ್ಲಿ ಮೆಣಸಿನ ಚೀಲ ಹೊಲಿಸುತ್ತಿದ್ದ. ಗೆಳೆಯನ ಮುಖ ಕಂಡು ಅವನ ಮುಖವೂ ಬಿಗಿಯಾಯಿತು. ಕಾಫಿ ಬಂತು. ಇಬ್ಬರೂ ಮೆಣಸಿನ ದರ ಮಾತಾಡಿದರು, ಮಳೆ ಮಾತಾಡಿದರು. ಕಾರಿನ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಉದಯನೇ ಬಾಯಿ ತೆರೆದ.

“ನೀನು ನನ್ನ ಮೇಲೆ ಎರಡು ಲಕ್ಷ ಏರಿಸಿದ್ದು ನಿಜವಾ, ಬೋಜಪ್ಪ?”

“ನಾನು ಏರಿಸಿದ್ದಾ?” ಬೋಜಪ್ಪ ಲೋಟ ಕೆಳಗಿಟ್ಟ. “ಮೂರ್ನಾಡಿನ ಪಾರ್ಟಿ ಏರಿಸಿದೆ ಅಂತ ಎರಡು ವಾರದಿಂದ ನನ್ನ ನಿದ್ದೆ ಕೆಟ್ಟಿದೆ ಮಾರಾಯ. ಅದು ನೀನೇ ಇರ್ಬೇಕು ಅಂದ್ಕೊಂಡೇ ಫೋನು ಎತ್ತಿಲ್ಲ.”

ಉದಯನಿಗೆ ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಬೋಜಪ್ಪನ ಫೋನು ಹೊಡೆದುಕೊಂಡಿತು. ಪರದೆಯ ಮೇಲಿದ್ದದ್ದು ಕಿರಣ್‌ಕುಮಾರನ ಹೆಸರು. ಬೋಜಪ್ಪ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

“ಸರ್, ಮೂರ್ನಾಡು ಪಾರ್ಟಿ ಎರಡೂವರೆ ಲಕ್ಷಕ್ಕೆ ಒಪ್ಪಿದ್ರು. ದುಡ್ಡು ತಂದು ನನ್ನ ಎದುರಲ್ಲೇ ಕೂತಿದ್ದಾರೆ. ನೀವು ಮೂರು ಅಂದ್ರೆ ಅವರನ್ನ ವಾಪಸ್ ಕಳಿಸ್ತೀನಿ.”

ಅಂಗಡಿಯಲ್ಲಿ ಚೀಲ ಹೊಲಿಯುವ ಸೂಜಿಯೂ ನಿಂತಿತು. ಬೋಜಪ್ಪ ಉದಯನನ್ನೇ ನೋಡುತ್ತ ಕೇಳಿದ, “ಎದುರಲ್ಲೇ ಕೂತಿದ್ದಾರಾ? ಕಾಫಿ ಕೊಟ್ರಾ ಅವರಿಗೆ?”

“ಕೊಟ್ಟೆ ಸರ್, ಕುಡೀತಿದ್ದಾರೆ.”

“ಸಕ್ಕರೆ ಸ್ವಲ್ಪ ಕಮ್ಮಿ ಆಗಿದೆ,” ಎಂದ ಉದಯ, ಫೋನಿನತ್ತ ಬಾಗಿ.

ಆ ಕಡೆಯಿಂದ ಕರೆ ತುಂಡಾಯಿತು.

ರಂಜಿತಾ ಎದ್ದು ನಗದಿನ ಚೀಲವನ್ನು ಗಂಡನ ಮಡಿಲಿನಿಂದ ತೆಗೆದು ತನ್ನ ಹೆಗಲಿಗೇರಿಸಿಕೊಂಡಳು.

ಅದೇ ದಿನ ಗೆಳೆಯರಿಬ್ಬರೂ ಕೂತು ಒಂದೇ ಪತ್ರ ಬರೆದರು. ಬೆಲೆಯ ಪ್ರತಿ ಬಾಬ್ತನ್ನೂ ಬರಹದಲ್ಲಿ ಕೊಡಿ, ಕಾರು ಸಿಗುವ ಸರದಿಯ ಸಂಖ್ಯೆ ತಿಳಿಸಿ ಎಂದು ಕೇಳಿ, ಒಂದು ಪ್ರತಿಯನ್ನು ಷೋರೂಮಿಗೂ ಇನ್ನೊಂದನ್ನು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸಿದರು. ನಾಲ್ಕನೆಯ ದಿನ ಷೋರೂಮಿನ ಮ್ಯಾನೇಜರೇ ಫೋನು ಮಾಡಿ, ಎಲ್ಲೋ ತಪ್ಪು ತಿಳುವಳಿಕೆ ಆಗಿದೆ ಎಂದ. ಅವನ ಆ ಮಾತನ್ನೂ ಉದಯ ನಂಬಲಿಲ್ಲ, ಬರಹದಲ್ಲೇ ಕೇಳಿದ. ಬರಹ ಬಂತು. ಪ್ರಕಟಿತ ಬೆಲೆ ಅಷ್ಟೇ, ಕಾಯಬೇಕಾದದ್ದು ನಾಲ್ಕು ತಿಂಗಳು, ಇಬ್ಬರ ಸರದಿ ಒಂದರ ಹಿಂದೊಂದು.

ಈ ಸಲ ಉದಯ ನಿಂಬೆಹಣ್ಣಿಗೆ ಕಾಯದೆ ಸುದ್ದಿಯನ್ನು ಊರಿಗೆಲ್ಲ ಹೇಳಿದ. ನಾಲ್ಕು ತಿಂಗಳೂ ಮೂರ್ನಾಡಿನವರೆಲ್ಲ ಅಂಗಡಿಗೆ ಬಂದು ಕಾರು ಎಲ್ಲಿಗೆ ಬಂತೆಂದು ಕೇಳಿ ಹೋದರು. ಅವರಲ್ಲಿ ಮೂವರು ತಮ್ಮ ತಮ್ಮ ಷೋರೂಮಿನ ದರಪಟ್ಟಿಯನ್ನೂ ತಂದು ತೋರಿಸಿದರು. ಷೋರೂಮಿನ ಬರಹ ಬಂದ ವಾರವೇ ಉದಯನ ಅಂಗಡಿಯ ಗೋಡೆಗೆ ಟೈರಿನ ದರಗಳ ಹಲಗೆಯೊಂದು ಬಂತು. ಕೆಳಗೆ ದಾಸ್ತಾನು ಎಷ್ಟಿದೆ ಎಂಬುದೂ ಇತ್ತು.

ಜನವರಿಯ ಒಂದು ಬೆಳಿಗ್ಗೆ ಟೆರಿನ್ ಜಿಟಿ, ಪಂಜರ ಕೂರಿಸಿಕೊಂಡೇ, ಅಂಗಳಕ್ಕೆ ಬಂತು. ರಂಜಿತಾ ಒಳಗೆ ಬಗ್ಗಿ, ವೀಲ್ ಸ್ಪ್ಯಾನರಿನಿಂದ ಉಕ್ಕಿನ ಕೊಳವೆಗಳನ್ನು ಒಂದೊಂದಾಗಿ ಕುಟ್ಟಿ ನೋಡಿದಳು. ಎಲ್ಲವೂ ಗಟ್ಟಿ ಸದ್ದು ಕೊಟ್ಟವು. ಆಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು, “ಈಗ ಓಡಿಸಿ,” ಎಂದಳು.

ಓದುತ್ತಿರುವವರೇ, ಹೊಸ ಗಾಡಿಗೆ ನಿಮ್ಮ ಮನಸ್ಸೂ ಕೂತಿರಬಹುದು. ಆ ಇನ್ನೊಬ್ಬ ಗಿರಾಕಿಯ ಹೆಸರು ನಿಮ್ಮ ಕಿವಿಗೂ ಬೀಳಬಹುದು. ಹೆದರಿ ಚೀಲ ಕಟ್ಟಬೇಡಿ. ಬೆಲೆಯನ್ನು ಬರಹದಲ್ಲಿ ಕೇಳಿ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಬೇಡದ್ದನ್ನು ಬೇಡ ಎನ್ನಿ. ಯಾರಾದರೂ ಒತ್ತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಲ್ಲಕ್ಕಿಂತ ಮೊದಲು ನಿಮ್ಮ ನೆರೆಯವರೊಡನೆ ಮಾತಾಡಿ. ಮುಚ್ಚಿಟ್ಟ ಮಾತಿಗೆ ಉದಯನ ಮನೆಯಲ್ಲಿ ಎರಡು ಲಕ್ಷದ ಬೆಲೆ ಬೀಳುವುದರಲ್ಲಿತ್ತು, ಅದನ್ನು ಕೊಟ್ಟಿದ್ದರೆ ಅವನು ಪಂಜರವಿಲ್ಲದೆ ಗದ್ದೆಗಿಳಿಯುತ್ತಿದ್ದ.