ಪಾತ್ರೆಗಳು ಮಲಗಿದ ವೇಗ

ಮಾರ್ಗಶಿರ ಮಾಸ, ಬೆಳಗಿನ ಐದು ಗಂಟೆ. ಐವತ್ತೇಳನೇ ಇಸವಿ. ಮದರಾಸಿನಲ್ಲಿ ಚಳಿ ಎಂದು ಹೇಳಿಕೊಳ್ಳಲು ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಸಿಗುತ್ತದೆ. ಅವುಗಳಲ್ಲಿ ಒಂದು ದಿನ ಅದು. ಮೈಲಾಪುರದ ಬೀದಿಯಲ್ಲಿ ಭಜನೆಯವರು ತಾಳ ಹಾಕುತ್ತ ಹೋಗುತ್ತಿದ್ದರು. ನಾನು ತಲೆಗೆ ಮಫ್ಲರ್ ಸುತ್ತಿಕೊಂಡು ಹೋಟೆಲಿನ ಹಿತ್ತಿಲಿನಲ್ಲಿ ಬಸ್ಸಿನ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದೆ.

ಬಸ್ಸು ಅಂದೆ. ಆ ಹೊತ್ತಿಗೆ ಅದು ಬಸ್ಸಾಗಿ ಉಳಿದಿರಲಿಲ್ಲ. ನಮ್ಮ ಧಣಿ ಮಧ್ವರಾಜ ರಾಯರು ಉಡುಪಿ ಕಡೆಯವರು. ಮೈಲಾಪುರದಲ್ಲಿ ಅವರದು ಊಟ ತಿಂಡಿಯ ಹೋಟೆಲು. ನಾನು ಮೋನಪ್ಪ, ಅವರ ಡ್ರೈವರ್. ಕೊತ್ತವಾಲ್ ಚಾವಡಿ ಮಾರ್ಕೆಟ್ಟಿನಿಂದ ತರಕಾರಿ ತರಲು ಆಗುತ್ತದೆಂದು ರಾಯರು ಯಾವುದೋ ನಿಂತುಹೋದ ಸರ್ವೀಸಿನ ಹಳೆಯ ಡೀಸೆಲ್ ಬಸ್ಸೊಂದನ್ನು ಕೊಂಡರು. ಕೊಂಡು ತಂದ ಮೇಲೆ ನೋಡಿದರೆ, ಚಾವಡಿಯ ಗಲ್ಲಿಯೊಳಗೆ ಅದರ ಮೂತಿ ಹೋಗುತ್ತಿತ್ತು, ಸೊಂಟ ಹೋಗುತ್ತಿರಲಿಲ್ಲ. ಎಂಟು ತಿಂಗಳು ಹಿತ್ತಿಲಿನಲ್ಲಿ ನಿಂತಿತು. ಅದರ ಟಾಪಿನ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

ರಾಯರ ತಾಯಿ ಶಾರದಮ್ಮನವರಿಗೆ ಎಪ್ಪತ್ತೆರಡು ವರ್ಷ. ಕಾಶಿ ನೋಡಬೇಕೆಂಬುದೊಂದೇ ಅವರ ಆಸೆ. ಆದರೆ ಮಡಿ ಬಹಳ. ಮನೆಯವರಲ್ಲದವರು ಬೇಯಿಸಿದ್ದನ್ನು ಉಣ್ಣರು, ಅವರು ಸೇದಿದ ನೀರು ಕುಡಿಯರು. ರೈಲಿನಲ್ಲಿ ಹೋದರೆ ಮೂರು ದಿನ ಉಪವಾಸ. ಆ ವಯಸ್ಸಿಗೆ ಅದು ಆಗದು. ಒಂದು ದಿನ ಅವರು ಹಪ್ಪಳ ತೆಗೆಯಲು ಬಂದವರು ಬಸ್ಸಿನ ಬಾಗಿಲು ತೆಗೆದು ಒಳಗೆ ಇಣುಕಿ ಮಗನಿಗೆ ಹೇಳಿದರು: "ಇದರೊಳಗೆ ಒಂದು ಒಲೆ ಹಾಕಿಸಿ ಕೊಡು ಮಾರಾಯ. ನಾನು ಇದರಲ್ಲೇ ಕಾಶಿಗೆ ಹೋಗ್ತೇನೆ."

ಬಡಗಿ ಬಂದ. ಒಂದೂವರೆ ತಿಂಗಳಲ್ಲಿ ಎರಡು ಮಂಚ, ಕಬ್ಬಿಣದ ಒಲೆ, ಹಿತ್ತಾಳೆ ಪಾತ್ರೆಗಳಿಗೆ ಉದ್ದದ ಹಲಗೆ, ಹಿಂದೆ ಅಡುಗೆಗೆ ಅಡ್ಡಲಾಗಿ ಒಂದು ದಪ್ಪ ಪರದೆ. ಪರದೆಯ ಆಚೆ ಎಲ್ಲ ಮಡಿ. ಅಲ್ಲಿಗೆ ಹೋಗುವವರು ಅಮ್ಮ ಮತ್ತು ಅವರ ಸಂಬಂಧಿ ಅಕ್ಕು ಅಮ್ಮ ಇಬ್ಬರೇ. ಅಕ್ಕು ಅಮ್ಮ ಅವರ ಅಡುಗೆ ಮಾಡುವವರು. ನಾನು ಆ ಕಡೆ ಮುಖ ಹಾಕುವಂತಿರಲಿಲ್ಲ. ಈ ಮಾತು ನೆನಪಿರಲಿ.

ಎಲ್ಲ ಆದ ಮೇಲೆ ರಾಯರು ತಕರಾರು ತೆಗೆದರು. "ಇದು ಡೀಸೆಲು ಕುಡಿಯುವುದು ನೋಡಿದರೆ ನನ್ನ ಎದೆ ಒಡೀತದೆ. ವೆಲ್ಲೂರಿನವನೊಬ್ಬ ಕೇಳ್ತಾ ಇದ್ದಾನೆ, ಲಾರಿ ಮಾಡ್ತಾನಂತೆ. ಶುಕ್ರವಾರ ಬರ್ತಾನೆ. ಅದರೊಳಗೆ ಗ್ಯಾಲನ್ನಿಗೆ ಹದಿನೈದು ಮೈಲಿ ಓಡಿಸಿ ತೋರಿಸಿದ್ರೆ ಅಮ್ಮ ಕಾಶಿಗೆ. ಇಲ್ಲದಿದ್ರೆ ಬಸ್ಸು ವೆಲ್ಲೂರಿಗೆ."

ಅಮ್ಮ ನನ್ನ ಮುಖ ನೋಡಿದರು. "ಎಂತ ಮೋನಪ್ಪ, ಆಗ್ತದಾ?"

"ನೋಡುವ ಅಮ್ಮ," ಅಂದೆ. ಬೇರೆ ಏನು ಹೇಳಲಿ?

ಹಾಗೆ ಆ ಸೋಮವಾರ ಬೆಳಗ್ಗೆ ನಾವು ನಾಲ್ವರು ಹೊರಟೆವು. ಅಮ್ಮ, ಅಕ್ಕು ಅಮ್ಮ, ನಾನು, ಜೊತೆಗೆ ರಾಯರ ಕಡೆಯ ಸಾಕ್ಷಿಯಾಗಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಸುಬ್ರಾಯ. ಬಸ್ಸಿನ ಸ್ಪೀಡ್ ಮೀಟರಿನ ಮುಳ್ಳು ಎಂದೋ ಸತ್ತಿತ್ತು. ಆದರೆ ಸುಬ್ರಾಯನ ಕೈಯಲ್ಲಿ ಮದುವೆಗೆ ಮಾವ ಕೊಟ್ಟ ಗಡಿಯಾರ ಇತ್ತು, ಚೆಂಗಲ್ಪಟ್ಟಿನ ರಸ್ತೆಯಲ್ಲಿ ಮೈಲಿಗಲ್ಲುಗಳಿದ್ದವು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟು ಹೊತ್ತು ಎಂದು ಅವನು ಕೂಗುವುದು, ನಾನು ಕಾಲು ಒತ್ತುವುದು ಅಥವಾ ಸಡಿಲಿಸುವುದು. ಹೊರಡುವಾಗ ಬಂಕಿನಲ್ಲಿ ಟ್ಯಾಂಕು ಕಂಠದವರೆಗೆ ತುಂಬಿಸುವುದು. ಚೆಂಗಲ್ಪಟ್ಟು ಮುಟ್ಟಿ, ಅಲ್ಲಿ ಅಡುಗೆ ಊಟ ಮುಗಿಸಿ, ತಿರುಗಿ, ಎಪ್ಪತ್ತು ಮೈಲಿ ಓಡಿ ಬಂದು, ಅದೇ ಬಂಕಿನಲ್ಲಿ ಮತ್ತೆ ಕಂಠದವರೆಗೆ ತುಂಬಿಸುವುದು. ತುಂಬಲು ಎಷ್ಟು ಹಿಡಿಯಿತೋ ಅಷ್ಟು ಕುಡಿದ ಹಾಗೆ.

"ಅದಕ್ಕಿಂತ ಒಂದು ಗ್ಯಾಲನ್ ಡಬ್ಬಿ ಕಟ್ಟಿ, ಎಂಜಿನ್ ಸಾಯುವವರೆಗೆ ಓಡಿಸಿದ್ರೆ ಸುಲಭ ಅಲ್ವಾ?" ಅಂದ ಸುಬ್ರಾಯ.

"ಡೀಸೆಲ್ ಮುಗಿದು ಪೈಪಿನೊಳಗೆ ಗಾಳಿ ಹೊಕ್ಕರೆ ಆಮೇಲೆ ಎಂಜಿನ್ ಎಬ್ಬಿಸಿದ್ರೂ ಏಳುವುದಿಲ್ಲ. ನಿನ್ನ ಹಾಗೆ," ಅಂದೆ.

ಮೊದಲ ದಿನ ರಾಯರ ಲೆಕ್ಕದಂತೆ. ಬೇಗ ಮುಟ್ಟಿದರೆ ಎಂಜಿನ್ ಓಡುವ ಹೊತ್ತು ಕಡಿಮೆ, ಹಾಗಾಗಿ ಡೀಸೆಲೂ ಕಡಿಮೆ ಎಂಬುದು ಅವರ ವಾದ. ಮೈಲಿಗೆ ಒಂದೂವರೆ ನಿಮಿಷದಂತೆ ಹೊಡೆದೆ. ತಾಂಬರಂ ದಾಟುವಷ್ಟರಲ್ಲಿ ಹಿಂದೆ ಹಿತ್ತಾಳೆ ಪಾತ್ರೆಗಳು ಮದುವೆ ಮನೆಯ ಉಗ್ರಾಣದಂತೆ ಗದ್ದಲ ಎಬ್ಬಿಸಿದವು. ತಪ್ಪಲೆ, ಕೊಳದಪ್ಪಲೆ, ಸೌಟು, ಮುಚ್ಚಳ, ಒಂದಕ್ಕೊಂದು ಬೈದುಕೊಂಡವು.

"ಮೋನಪ್ಪ, ನನ್ನನ್ನು ಕಾಶಿಗೆ ಕರ್ಕೊಂಡು ಹೋಗ್ತೀಯಾ, ಕೈಲಾಸಕ್ಕಾ?" ಪರದೆಯ ಆಚೆಯಿಂದ ಅಮ್ಮನ ಪ್ರಶ್ನೆ.

ವಾಪಸು ಬಂದು ತುಂಬಿಸಿದರೆ ಆರು ಮುಕ್ಕಾಲು ಗ್ಯಾಲನ್. ಹತ್ತು ಮೈಲಿ ಚಿಲ್ಲರೆ.

ಮಂಗಳವಾರ ನನ್ನ ಲೆಕ್ಕ. ನಿಧಾನವಾಗಿ ಹೋದಷ್ಟೂ ಉಳಿತಾಯ ಎಂದು ನಾನು ನಂಬಿದ್ದೆ. ಮೈಲಿಗೆ ಮೂರು ನಿಮಿಷ. ಅಷ್ಟು ನಿಧಾನಕ್ಕೆ ಟಾಪ್ ಗೇರಿನಲ್ಲಿ ಎಂಜಿನ್ ನಡುಗುತ್ತಿತ್ತು, ಕೆಳಗಿನ ಗೇರಿಗೆ ಹಾಕಿದರೆ ಕಿರುಚುತ್ತಿತ್ತು. ಕಿರುಚಿಸಿಕೊಂಡೇ ಹೋದೆ. ಸೈಕಲ್ಲಿನವನೊಬ್ಬ ಬಸ್ಸಿನ ಕಿಟಕಿ ಹಿಡಿದು ಬಹಳ ಹೊತ್ತು ಪಕ್ಕದಲ್ಲೇ ಬಂದು ಸುಬ್ರಾಯನ ಹತ್ತಿರ ಬೀಡಿ ಹಚ್ಚಿಸಿಕೊಂಡ. ಹಿಂದೆ ಪಾತ್ರೆಗಳ ಗದ್ದಲ ಇರಲಿಲ್ಲ, ಆದರೆ ಮುಚ್ಚಳಗಳು ಮಾತ್ರ ಚಳಿ ಹಿಡಿದವರ ಹಲ್ಲಿನಂತೆ ಕಟಕಟ ಎನ್ನುತ್ತಿದ್ದವು.

ಸಂಜೆ ಬಂಕಿನವನು ನಕ್ಕ. "ಎನ್ನ ಸಾಮಿ, ದಿನಾ ಚೆಂಗಲ್ಪಟ್ಟುಲೆ ಯಾರ್ ವೀಟ್ಟು ಕಲ್ಯಾಣಂ?" ದಿನಾ ಯಾರ ಮನೆ ಮದುವೆ ಅಂತ. ಆರು ಗ್ಯಾಲನ್ನಿಗೆ ಒಂದು ಪಾವು, ಅಂದರೆ ಕಾಲು ಗ್ಯಾಲನ್, ಕಡಿಮೆ ಹಿಡಿಯಿತು. ಹನ್ನೆರಡು ಮೈಲಿ. ನನ್ನ ಲೆಕ್ಕವೂ ಕೆಳಗೆ ಬಿತ್ತು.

ಆ ದಿನ ಅಮ್ಮ ಹಿತ್ತಿಲಿನಲ್ಲಿ ಕೂತು ಹೇಳಿದರು: "ನೋಡು ಮೋನಪ್ಪ, ಕಾಫಿ ಬೀಜ ಹುರಿಯುವಾಗ ಬೆಂಕಿ ಜೋರಾದ್ರೆ ಕಂಟಿ ಕಪ್ಪಾಗ್ತದೆ. ತೀರಾ ಸಣ್ಣ ಮಾಡಿದ್ರೆ ಇಡೀ ದಿನ ಕೂತು ಇದ್ದಲೆಲ್ಲ ಬೂದಿ. ನಡುವೆ ಒಂದು ಉಂಟು. ನಾಳೆ ನೀನು ಗಡಿಯಾರ ಬಿಡು. ನಾನು ಹೇಳ್ತೇನೆ."

ಬುಧವಾರ ಟಾಪ್ ಗೇರಿನಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದೆ. ಅಮ್ಮ ಹಿಂದಿನಿಂದ ಹೇಳುತ್ತಿದ್ದರು. "ಮುಚ್ಚಳ ಇನ್ನೂ ಮಾತಾಡ್ತಾ ಉಂಟು... ಸೌಟು ಸುಮ್ಮನಾಯ್ತು... ಇನ್ನೂ ಒಂಚೂರು..." ಆಮೇಲೆ ಒಮ್ಮೆಲೇ, "ಹಾಂ! ಪಾತ್ರೆ ಎಲ್ಲ ಮಲಗಿದವು. ಎಬ್ಬಿಸಬೇಡ!"

ನಿಜ. ನಡುಕವೂ ಇಲ್ಲ, ಕಿರುಚಾಟವೂ ಇಲ್ಲ. ಎಂಜಿನ್ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡವರಂತೆ ಗುನುಗುತ್ತಿತ್ತು. ಸುಬ್ರಾಯ ಮೈಲಿಗಲ್ಲು ನೋಡಿ ಕೂಗಿದ: "ಎರಡು ನಿಮಿಷ! ಸರಿಯಾಗಿ ಎರಡು ನಿಮಿಷ!" ಗಂಟೆಗೆ ಮೂವತ್ತು. ಎಲ್ಲ ಬಸ್ಸಿಗೂ ಹೀಗೆ ಎಂದು ನಾನು ಹೇಳುವುದಿಲ್ಲ. ಆ ಬಸ್ಸಿಗೆ, ಆ ಪಾತ್ರೆಗಳಿಗೆ ಹಾಗಿತ್ತು. ಕಾಲು ಅಲುಗಿಸದೆ ಅದೇ ವೇಗದಲ್ಲಿ ಓಡಿಸಿದೆ.

ಸರಿಯಾಗಿ ಐದು ಗ್ಯಾಲನ್ ಹಿಡಿಯಿತು. ಹದಿನಾಲ್ಕು ಮೈಲಿ.

ಒಂದು ಮೈಲಿ ಕಡಿಮೆ. ಇಡೀ ಕಾಶಿಗೆ ಒಂದು ಮೈಲಿ ಅಡ್ಡ. ರಾಯರು ಕೇಳಿ, "ಹದಿನೈದು ಅಂದ್ರೆ ಹದಿನೈದು," ಅಂದರು. ಅಮ್ಮ ಎದ್ದರು. ಒಳಗೆ ಹೋಗಿ ಜಪಮಣಿ ಹಿಡಿದು ಕೂತರು. ಮಣಿ ಮಾತ್ರ ಸರಿಯುತ್ತಿರಲಿಲ್ಲ.

ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಆಗ ಒಂದು ಸದ್ದು ನೆನಪಾಯಿತು. ಮಧ್ಯಾಹ್ನ ಗುಡುವಾಂಚೇರಿಯ ರೈಲ್ವೆ ಗೇಟಿನ ಹತ್ತಿರ ಬ್ರೇಕ್ ಹಾಕಿದಾಗ, ಹಿಂದೆ ಏನೋ ಗುಳುಂ ಎಂದಿತ್ತು. ಹಿಂದಿನ ಎರಡು ದಿನ ಪಾತ್ರೆಗಳ, ಎಂಜಿನ್ನಿನ ಗಲಾಟೆಯಲ್ಲಿ ಅದು ಕೇಳಿಸಿರಲಿಲ್ಲ. ಪಾತ್ರೆ ಮಲಗಿದ ಮೇಲೆ ಕೇಳಿಸಿತು.

"ಅಕ್ಕು ಅಮ್ಮ," ಎಂದು ಹಿತ್ತಿಲ ಬಾವಿಕಟ್ಟೆಯ ಕಡೆ ಕೂಗಿದೆ, "ಪರದೆಯ ಹಿಂದೆ ಎಂತ ಉಂಟು?"

"ಅಡುಗೆ ಸಾಮಾನು. ಮತ್ತೆ ನೀರು."

"ನೀರು ಎಷ್ಟು?"

"ಮೂರು ಪೀಪಾಯಿ. ಅಮ್ಮನಿಗೆ ಕುಡಿಯಲಿಕ್ಕೆ ನಮ್ಮ ಬಾವಿ ನೀರೇ ಆಗ್ಬೇಕಲ್ಲ. ದಿನಾ ಬೆಳಗ್ಗೆ ಹಳತು ಚೆಲ್ಲಿ ಹೊಸತು ತುಂಬಿಸ್ತೇನೆ. ನನ್ನ ಸೊಂಟ ಬಿದ್ದುಹೋಯ್ತು ಮಾರಾಯ."

ಒಂದೊಂದು ಪೀಪಾಯಿ ನಲವತ್ತು ಗ್ಯಾಲನ್. ಮೂರು ತುಂಬಿದರೆ ಹತ್ತು ಆಳು ಹೆಚ್ಚಿಗೆ ಕೂತ ಹಾಗೆ. ಮೂರು ದಿನ ನಾನು ಮೈಲಾಪುರದ ಬಾವಿಯನ್ನು ಚೆಂಗಲ್ಪಟ್ಟಿಗೆ ಕರೆದುಕೊಂಡು ಹೋಗಿ ವಾಪಸು ತಂದಿದ್ದೆ! ಸ್ಪ್ರಿಂಗು ಕುಸಿದದ್ದನ್ನು ನೋಡಿದ್ದೆ. ಬಡಗಿಯ ಮರದ ಭಾರ ಎಂದುಕೊಂಡಿದ್ದೆ. ಪರದೆ ಸರಿಸಿ ನೋಡುವ ಹಕ್ಕು ನನಗಿರಲಿಲ್ಲ, ನನಗೆ ಹೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ.

ಅಮ್ಮನ ಹತ್ತಿರ ಹೋಗಿ ಬಾಗಿಲ ಹೊರಗೆ ನಿಂತು ವಿಷಯ ಹೇಳಿದೆ. "ನೀರು ಇಳಿಸಿದ್ರೆ ಆಗಬಹುದು ಅಮ್ಮ."

"ನೀರಿಲ್ಲದೆ ನಾನು ಹೇಗೆ ಹೋಗುವುದು?"

ನನಗೆ ಧೈರ್ಯ ಸಾಲಲಿಲ್ಲ. ಮಾತಾಡಿದ್ದು ನನ್ನ ಹಿಂದೆಯೇ ಬಂದಿದ್ದ ಅಕ್ಕು ಅಮ್ಮ. ಸೊಂಟ ನೋವಿನ ಸಿಟ್ಟು ಇತ್ತಲ್ಲ. "ದಾರಿಯುದ್ದಕ್ಕೂ ಊರು ಉಂಟು, ಊರಿಗೊಂದು ಬಾವಿ ಉಂಟು. ನಮ್ಮ ಹಗ್ಗ, ನಮ್ಮ ಕೊಡ. ನಾನೇ ಸೇದಿ ಕೊಡ್ತೇನೆ. ಅಲ್ಲ ದೊಡ್ಡಮ್ಮ, ಗಂಗೆಯ ಹತ್ತಿರ ಹೋಗುವವರು ಮೈಲಾಪುರದ ಉಪ್ಪುನೀರು ಹೊತ್ತುಕೊಂಡು ಹೋಗ್ತಾರಾ?"

ಅಮ್ಮ ಜಪಮಣಿ ಕೆಳಗಿಟ್ಟರು. ಐವತ್ತು ವರ್ಷದ ನೇಮ. ಊರ ಬಾವಿಗೆ ಯಾರು ಯಾರೋ ಬರುತ್ತಾರೆ. ಆಮೇಲೆ ಹೊಟ್ಟೆ ಅಲುಗಿಸಿಕೊಂಡು ನಕ್ಕುಬಿಟ್ಟರು. "ಹೌದಲ್ವಾ! ಗಂಗೆ ನೋಡಿದ್ರೆ ನಗ್ತಾಳೆ. ಇಳಿಸು, ಇಳಿಸು."

ಗುರುವಾರ ಒಂದು ಕೊಡ, ಒಂದು ಹಗ್ಗ. ಬಸ್ಸು ಹೊಸ ಮದುಮಗನಂತೆ ಎದೆ ಎತ್ತಿಕೊಂಡು ನಿಂತಿತ್ತು. ಪಾತ್ರೆ ಮಲಗುವ ವೇಗ ಹಿಡಿದೆ. ಎರಡು ನಿಮಿಷಕ್ಕೆ ಒಂದು ಕಲ್ಲು, ಎಪ್ಪತ್ತು ಕಲ್ಲು. ಚೆಂಗಲ್ಪಟ್ಟಿನ ಹುಣಿಸೆ ಮರದ ಕೆಳಗೆ ಅಕ್ಕು ಅಮ್ಮ ಬಾವಿಯಿಂದ ಸೇದಿ ತಂದ ನೀರಿನಲ್ಲಿ ಕಾಫಿ ಮಾಡಿದರು. ಅಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು, ಕಣ್ಣು ತೆರೆದರು.

"ಅಕ್ಕು, ನಮ್ಮ ಬಾವಿ ನೀರಿಗಿಂತ ಇದೇ ಚಂದ ಉಂಟು ಮಾರಾಯ್ತಿ. ಮಧ್ವನಿಗೆ ಹೇಳಬೇಡ, ಹೋಟೆಲಿಗೆ ಇಲ್ಲಿಂದ ನೀರು ತರಿಸಿಯಾನು."

ಸಂಜೆ ಬಂಕಿನಲ್ಲಿ ರಾಯರೇ ಬಂದು ನಿಂತಿದ್ದರು. ನಾಲ್ಕು ಗ್ಯಾಲನ್ ಹೋಯಿತು. ಇನ್ನೂ ಕಂಠ ಮುಟ್ಟಲಿಲ್ಲ. ಬಂಕಿನವನು ಇನ್ನರ್ಧ ಹೊಯ್ದ. ಡೀಸೆಲು ಕಂಠದಿಂದ ಒಂದು ಬೆರಳು ಕೆಳಗೆ ಹೊಳೆಯಿತು. ಇನ್ನೊಂದು ಪಾವು ಹಿಡಿದರೆ ಹದಿನೈದು ತಪ್ಪಿಹೋಗುತ್ತಿತ್ತು. ಸುಬ್ರಾಯ ಪಾಪದವನು, "ತುಂಬಿತು, ತುಂಬಿತು, ಸಾಕು!" ಎಂದು ಮುಚ್ಚಳ ಹಾಕಲು ಹೋದ.

"ಮುಚ್ಚಬೇಡ," ಎಂದರು ಅಮ್ಮ ಕಿಟಕಿಯಿಂದ. "ಕಾಶಿಗೆ ಸುಳ್ಳು ಹೇಳಿ ಹೋಗ್ಲಿಕ್ಕಿಲ್ಲ. ಕಂಠದವರೆಗೆ ಹಾಕು."

ಬಂಕಿನವನು ಸಣ್ಣ ಅಳತೆಯಲ್ಲಿ ಹೊಯ್ದ. ಅರ್ಧ ಪಾವು ಹೋಗುವಷ್ಟರಲ್ಲಿ ತುಳುಕಿ ನನ್ನ ಕಾಲ ಮೇಲೆ ಬಿತ್ತು. ಸುಬ್ರಾಯ ಚೀಟಿಯ ಮೇಲೆ ಭಾಗಾಕಾರ ಮಾಡಿದ, ಮತ್ತೊಮ್ಮೆ ಮಾಡಿದ. "ಹದಿನೈದು. ಮೇಲೆ ಸ್ವಲ್ಪ ಉಂಟು!"

ರಾಯರು ಚೀಟಿ ನೋಡಿದರು, ತಾಯಿಯ ಮುಖ ನೋಡಿದರು. "ಆಯ್ತು ಅಮ್ಮ. ವೆಲ್ಲೂರಿನವನಿಗೆ ಕಾಫಿ ಕೊಟ್ಟು ಕಳಿಸ್ತೇನೆ," ಅಂದರು. ಶುಕ್ರವಾರ ಅವನು ಬಂದ. ಕಾಫಿಯ ಜೊತೆ ಎರಡು ಇಡ್ಲಿಯನ್ನೂ ತಿಂದು ಹೋದ.

ಸುಬ್ರಾಯ ತಾನೂ ಬರುತ್ತೇನೆ ಎಂದು ಕೇಳಿಕೊಂಡ. ಗಲ್ಲಾದಲ್ಲಿ ಯಾರು ಕೂರುವುದು ಎಂದು ರಾಯರು ಬಿಡಲಿಲ್ಲ. ಹೊರಡುವ ಹೊತ್ತಿಗೆ ಅವನು ಕೈಯಿಂದ ಮಾವ ಕೊಟ್ಟ ಗಡಿಯಾರ ಬಿಚ್ಚಿ ನನಗೆ ಕಟ್ಟಿದ. "ಕಲ್ಲಿಗೆ ಎರಡು ನಿಮಿಷ, ನೆನಪಿರಲಿ," ಅಂದ.

"ಪಾತ್ರೆ ಇದ್ದಾವಲ್ಲ," ಅಂದೆ. ಆದರೂ ಕಟ್ಟಿಸಿಕೊಂಡೆ.

ಮೂರು ಪೀಪಾಯಿಗಳು ಹಿತ್ತಿಲಿನಲ್ಲಿ ಬಾಯಿ ತೆರೆದು ನಿಂತಿದ್ದವು. ಶಾರದಮ್ಮ, ಅಕ್ಕು ಅಮ್ಮ, ನಾನು, ಈ ಮೂವರು ಕಾಶಿಗೆ ಹೊರಟದ್ದು ಆದಿತ್ಯವಾರ.