ನೀಲಾಂಬಿಕಾಳ ಕೂಸಿನ ಪಕ್ಕದ ಸಿರಿಂಜ್ ಪಂಪು

ನಾನು ಔಷಧ ತಳ್ಳುವ ಒಂದು ಪುಟ್ಟ ಯಂತ್ರ. ಸಿರಿಂಜ್ ಪಂಪು ಎನ್ನುತ್ತಾರೆ. ಪುಣೆಯ ಕಾರ್ಖಾನೆಯೊಂದರಲ್ಲಿ ನನ್ನ ಹಲ್ಲುಚಕ್ರಗಳನ್ನು ಜೋಡಿಸಿದ ಹೆಂಗಸು, ಅರ್ಧ ಹನಿಯೂ ಹೆಚ್ಚುಕಡಿಮೆಯಾಗದಂತೆ ಮೂರು ಸಲ ಪರೀಕ್ಷಿಸಿ ಪೆಟ್ಟಿಗೆಗೆ ಹಾಕಿದಳು. ಬಂದಿಳಿದದ್ದು ವಿಜಯಪುರದ ಒಂದು ಆಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ. ಅಲ್ಲಿ ನನ್ನನ್ನು ನೋಡಿಕೊಂಡವರು ಸಿಸ್ಟರ್ ಎಸ್ತೇರಮ್ಮ. ಬೇರೆಯವರು ಬಂದವರೇ ಗುಂಡಿ ಒತ್ತುತ್ತಿದ್ದರು. ಅವರು ಮೊದಲು ನನ್ನ ಮುಖ ಒರೆಸುತ್ತಿದ್ದರು.

ನಾಲ್ಕನೆಯ ವರ್ಷ ನೀಲಾಂಬಿಕಾಳ ಮಗಳು ಬಂದಳು. ಹುಟ್ಟಿ ಎರಡೇ ದಿನ. ಕಣ್ಣು ಒಂದು ಕಡೆ ಹೊರಳುತ್ತಿತ್ತು, ಎಡಗೈ ಬಿಟ್ಟೂ ಬಿಟ್ಟೂ ಅದುರುತ್ತಿತ್ತು. ಡಾಕ್ಟರ್ ನಸೀಮಾ ಮೊದಲು ಫಿಟ್ಸ್ ತಡೆಯುವ ಫಿನೋಬಾರ್ಬಿಟೋನ್ ಕೊಟ್ಟರು. ಫಿಟ್ಸ್ ಬಗ್ಗಲಿಲ್ಲ. ಎರಡನೆಯ ಔಷಧಕ್ಕೆ ಒಂದು ತಾಸು ಸುಮ್ಮನಿದ್ದು ಮತ್ತೆ ಶುರುವಾಯಿತು. ಮೂರನೆಯದಾದ ಮಿಡಜೋಲಮ್ ಅನ್ನು ನಾನು ಎರಡು ದಿನ ಬಿಡುವಿಲ್ಲದೆ ತಳ್ಳಿದೆ. ಏರಿಸಿದಂತೆಲ್ಲ ಕೂಸು ಮಂಕಾಯಿತೇ ಹೊರತು ಅದುರುವುದು ನಿಲ್ಲಲಿಲ್ಲ. ದೋಷ ನನ್ನಲ್ಲಿರಬಹುದೆಂದು ಎಸ್ತೇರಮ್ಮ ಅಳತೆ ಪರೀಕ್ಷಿಸಿದರು. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಮರುದಿನ ಬೆಳಿಗ್ಗೆ ಎದೆಹಾಲು ಹಿಂಡಿ ತಂದ ನೀಲಾಂಬಿಕಾ, ಮಗಳ ಕೈ ನೋಡುತ್ತ ಮೆಲ್ಲಗೆ ಹೇಳಿದಳು: "ಹೊಟ್ಟ್ಯಾಗಿದ್ದಾಗನೂ ಹಿಂಗ ಅದರ್ತಿತ್ರಿ ಸಿಸ್ಟರ್. ಬಿಕ್ಕಳಿಕಿ ಅಂತ ಅತ್ತಿ ಅಂದ್ರು, ಸುಮ್ಮನಾದೆ."

ಎಸ್ತೇರಮ್ಮ ಕೂಡಲೇ ಡಾಕ್ಟರನ್ನು ಕರೆದರು. ನಸೀಮಾ ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಬಿ6 ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರಷ್ಟೇ ಫಿಟ್ಸ್ ನಿಲ್ಲುವ ಮಕ್ಕಳು ಅಪರೂಪಕ್ಕೆ ಇರುತ್ತಾರೆ, ಅವರಿಗೆ ಕೆಲವೊಮ್ಮೆ ಹೊಟ್ಟೆಯಲ್ಲಿದ್ದಾಗಲೇ ಫಿಟ್ಸ್ ಬರುತ್ತದೆ, ಇವಳೂ ಹಾಗಿರಬಹುದು ಎಂದರು. ಉಸಿರು ನಿಲ್ಲುವ ಅಪಾಯವಿದ್ದುದರಿಂದ ಗಾಳಿ ಊದುವ ಚೀಲ ಹಿಡಿದು ನಿಲ್ಲಲು ಎಸ್ತೇರಮ್ಮನಿಗೆ ಹೇಳಿ, ಸೂಜಿಮದ್ದನ್ನು ತಮ್ಮ ಕೈಯಿಂದಲೇ ನಿಧಾನವಾಗಿ ಏರಿಸಿದರು.

ಕೂಸಿನ ಉಸಿರು ಸಣ್ಣದಾಯಿತು. ಎಸ್ತೇರಮ್ಮ ನಾಲ್ಕಾರು ಸಲ ಚೀಲ ಅದುಮಿದರು. ಉಸಿರು ಮರಳಿತು. ಕೈ ಮಾತ್ರ ಮತ್ತೆ ಅದುರಲಿಲ್ಲ. ಹತ್ತು ನಿಮಿಷವಾಯಿತು, ಒಂದು ತಾಸಾಯಿತು. ನಸೀಮಾ ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟರು.

ನನ್ನ ವೇಗವನ್ನು ಇಳಿಸುತ್ತ ಬಂದು ಮೂರನೆಯ ದಿನ ಪೂರ್ತಿ ನಿಲ್ಲಿಸಿದರು. ಮಂಪರು ಹರಿದ ಕೂಸು ಹಸಿವಿಗೆ ಗಂಟಲು ಬಿಟ್ಟು ಅತ್ತಿತು. ಎಸ್ತೇರಮ್ಮ ಎತ್ತಿಕೊಳ್ಳಲು ಹೋದಾಗ ನೀಲಾಂಬಿಕಾ ತಡೆದಳು. "ಚೂರು ಅಳಲಿ ಬಿಡ್ರಿ. ಧ್ವನಿನ ಕೇಳಿದ್ದಿಲ್ಲ ನಾ."

ದಿನಾಲೂ ಬಿ6 ಮಾತ್ರೆ ಪುಡಿಮಾಡಿ ಹಾಲಲ್ಲಿ ಕೊಡಬೇಕು, ಜೀವನಪೂರ್ತಿ ಬಿಡಬಾರದು ಎಂದು ಹೇಳಿಸಿಕೊಂಡು ಆಕೆ ಊರಿಗೆ ಹೋದಳು.

ಈಗ ನನ್ನ ಬ್ಯಾಟರಿ ಸೋತಿದೆ. ಗೋಡೆಯ ಕರೆಂಟಿಗೆ ಸಿಕ್ಕಿಸಿಕೊಂಡು ನರ್ಸಿಂಗ್ ಶಾಲೆಯ ಮೇಜಿನ ಮೇಲಿದ್ದೇನೆ. ಹುಡುಗಿಯರು ಬರೀ ನೀರು ತುಂಬಿ ಕಲಿಯುತ್ತಾರೆ, ತಪ್ಪು ಒತ್ತಿ ನಗುತ್ತಾರೆ. ನನ್ನ ಹನಿಗೆ ಇಲ್ಲಿ ಯಾರ ಜೀವವೂ ಕಾದಿಲ್ಲ. ನಾನೂ ಹಗುರಾಗಿ ನೀರು ತಳ್ಳುತ್ತೇನೆ.